ಐಸಾಕನಿಗೊಂದು ಎಲೆ

ಮೌಂಟನ್ ವ್ಯೂ: ಬೇರೆಯವರ ಅಡುಗೆಮನೆ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಅಲ್ಲಿನ ರಸ್ತೆ ಹೇಗಿದೆ, ಸೇತುವೆ ಹೇಗಿದೆ ಎಂದು ಹೇಳುತ್ತಾರೆ. ಪಟಗಳಲ್ಲೆಲ್ಲ ಕಾಣುವ ಆ ಕೆಂಪು ಸೇತುವೆಯನ್ನು ನಾನು ನೋಡಲು ಹೋದ ದಿನ ಮಂಜು ಕವಿದಿತ್ತು. ಸೇತುವೆ ಇದೆ ಎಂದು ತಂಗಿ ಹೇಳಿದಳು, ನಾನು ನಂಬಿದೆ. ಆರು ವಾರ ಅಲ್ಲಿದ್ದು ನಾನು ಕಣ್ಣಾರೆ ಕಂಡು ಬಂದದ್ದು ಒಬ್ಬ ಮುದುಕಿಯ ಹಟವನ್ನು. ಹೇಳುವುದಿದ್ದರೆ ಅದನ್ನೇ ಹೇಳಬೇಕು.

ನಾನು ಮದ್ದೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಉಳಿದಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ತಂಗಿ ಪ್ರಭಾಳ ಮನೆಗೆ ಹೋಗಿದ್ದೆ. ಎರಡು ಸಾವಿರನೇ ಇಸವಿ. ಪ್ರಭಾ, ಅವಳ ಗಂಡ ಮಂಜುನಾಥ ಇಬ್ಬರೂ ಇಂಟರ್ನೆಟ್ ಕಂಪನಿಗಳಲ್ಲಿದ್ದರು. ಆಗ ಆ ಊರಿನಲ್ಲಿ ಯಾರನ್ನು ಮಾತಾಡಿಸಿದರೂ ಅದೇ. ನಾಯಿಗೆ ಬಿಸ್ಕತ್ತು ಮಾರುವುದಕ್ಕೂ ಒಂದು ಇಂಟರ್ನೆಟ್ ಕಂಪನಿ ಇತ್ತು. ನಮ್ಮೂರಿನ ನಾಯಿಗಳಿಗೆ ಇದನ್ನು ಹೇಳಿದರೆ ಅವು ವೀಸಾಕ್ಕೆ ಅರ್ಜಿ ಹಾಕಿಯಾವು ಎಂದುಕೊಂಡೆ.

ಇಬ್ಬರೂ ಆಫೀಸಿಗೆ ಹೋದ ಮೇಲೆ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಪ್ರಭಾಳ ಬೂಟು ಹಾಕಿಕೊಂಡು ವಾಕಿಂಗು ಹೋಗುತ್ತಿದ್ದೆ. ಅವರ ಅಪಾರ್ಟ್‌ಮೆಂಟಿನ ಕಟ್ಟಡಗಳೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಇಟ್ಟಿಗೆಗಳು. ಅದೇ ಬಣ್ಣ, ಅದೇ ಬಾಗಿಲು, ಅದೇ ಗುಲಾಬಿ ಗಿಡ. ಮೂರನೆಯ ದಿನ ವಾಕಿಂಗು ಮುಗಿಸಿ ಬಂದವಳು ಬಾಗಿಲು ತಳ್ಳಿದೆ. ತೆರೆದುಕೊಂಡಿತು. ಬೀಗ ಹಾಕಲು ಮರೆತೆನೇನೋ ಎಂದು ನನ್ನನ್ನೇ ಬೈದುಕೊಂಡು, ಬೂಟು ಬಿಚ್ಚಿಟ್ಟು, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು, ಫ್ರಿಜ್ಜು ತೆಗೆದೆ. ಹುಳಿಯ ಪಾತ್ರೆ ಇಲ್ಲ. ಇರುವುದು ಬರೀ ಹಾಲು, ಮೊಟ್ಟೆ. ಹಿಂದೆ ತಿರುಗಿದರೆ ಕುರ್ಚಿಯಲ್ಲಿ ಬಿಳಿಗೂದಲಿನ ಮುದುಕಿ ಕೂತು ನನ್ನನ್ನೇ ನೋಡುತ್ತಿದ್ದಾಳೆ.

"ಇವತ್ತು ಹೊಸಬಳನ್ನು ಕಳಿಸಿದ್ದಾರಾ?" ಎಂದಳು.

ಸ್ನಾನ ಮಾಡಿಸಲು ಬರುವ ನರ್ಸಿಗಾಗಿ ಅವಳು ಬಾಗಿಲು ತೆರೆದಿಟ್ಟಿದ್ದಳು. ನಾನು ನಾಚಿಕೆಯಿಂದ ಸತ್ತೇ ಹೋದೆ. ಟೀಚರು, ಭಾರತ, ತಪ್ಪು ಮನೆ, ಕ್ಷಮಿಸಿ ಎಂದು ತೊದಲಿದೆ. ಅವಳು ನಗಲೂ ಇಲ್ಲ, ಗದರಲೂ ಇಲ್ಲ. "ನೀರು ಕುಡಿದಾಯಿತಲ್ಲ, ಈಗ ಆ... ಆ..." ಎಂದು ಕೈ ತೋರಿಸಿದಳು. ಮಾತು ಸಿಗುತ್ತಿಲ್ಲ. ಬೇರೆಯವರಾದರೆ ತಾವೇ ಊಹಿಸಿ ಹೇಳಿಬಿಡುತ್ತಿದ್ದರೇನೋ. ಉತ್ತರ ಬಾಯಿಗೆ ಬರುವವರೆಗೆ ಕಾಯುವುದೇ ನನ್ನ ಕಸುಬು. ನಿಂತುಕೊಂಡೆ. "ಪರದೆ" ಎಂದಳು ಕೊನೆಗೆ. ಸರಿಸಿದೆ.

ಹೋದ ಚಳಿಗಾಲದಲ್ಲಿ ಲಕ್ವ ಹೊಡೆದಿತ್ತಂತೆ. ಕೈಕಾಲು ಬಂದವು, ಕೆಲವು ಮಾತು ಮಾತ್ರ ಅಡಗಿ ಕೂತಿವೆ ಎಂದಳು. ಹೆಸರು ಡೊರೊತಿ, ಎಂಬತ್ತು ವರ್ಷ. ಅಲ್ಲಿನವರು ಎಂಬತ್ತರ ಮುದುಕಿಯನ್ನೂ ಎಂಟರ ಹುಡುಗಿಯ ಹಾಗೆ ಹೆಸರು ಹಿಡಿದೇ ಕೂಗುತ್ತಾರೆ. ನನ್ನ ನಾಲಿಗೆ ಹೊರಳಲಿಲ್ಲ. ಡೊರೊತಿಯಮ್ಮ ಎಂದೆ. ಅದೇ ನಿಂತುಹೋಯಿತು. ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು; ನನ್ನ ತಲೆಯಲ್ಲಿ ಉಳಿದಿರುವುದು ಕನ್ನಡದಲ್ಲಿ.

ಲಾಸ್ ಆಲ್ಟೋಸ್: ತೋಟವಿದ್ದ ಜಾಗ

ಒಂದು ಶನಿವಾರ ಡೊರೊತಿಯಮ್ಮನನ್ನು ಕೂರಿಸಿಕೊಂಡು ಪ್ರಭಾಳ ಕಾರಿನಲ್ಲಿ ಪಕ್ಕದ ಲಾಸ್ ಆಲ್ಟೋಸಿಗೆ ಹೋದೆವು. ಅವಳ ಅಜ್ಜನ ಏಪ್ರಿಕಾಟ್ ಹಣ್ಣಿನ ತೋಟ ಅಲ್ಲಿತ್ತಂತೆ. ಈಗ ಅಲ್ಲಿರುವುದು ಮೂರು ಮೂರು ಕಾರು ನಿಲ್ಲುವ ಮನೆಗಳು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಒಂದು ಪಾರ್ಕಿನ ಮೂಲೆಯಲ್ಲಿ ನಾಲ್ಕೈದು ಹಳೆಯ ಮರ ಉಳಿದಿದ್ದವು. ಅವುಗಳ ಪಕ್ಕದಲ್ಲಿ ಹೊಸದಾಗಿ ಕಾಂಕ್ರೀಟು ಹಾಕಿದ ಒಂದು ಕಟ್ಟೆ.

"ಇಲ್ಲಿ ಬೆಂಚು ಬರುತ್ತದೆ. ಅಜ್ಜನ ನೆನಪಿಗೆ. ನನ್ನ ಅಣ್ಣನ ಮಗ ರಾನ್ ಹಾಕಿಸುತ್ತಿದ್ದಾನೆ" ಎಂದಳು. ಆ ಅಜ್ಜನ ಹೆಸರು ಥಾಮಸ್. ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಯುದ್ಧದಲ್ಲಿ ದಕ್ಷಿಣದ ಸೈನಿಕ. ಹದಿನೇಳಕ್ಕೇ ಸೇರಿದವನು. ಬರಿಗಾಲಿನಲ್ಲಿ ನಡೆದು, ಹಸಿದ ಹೊಟ್ಟೆಯಲ್ಲಿ ಹೋರಾಡಿ, ಸೊಂಟಕ್ಕೆ ಗುಂಡು ತಿಂದು, ಸೋತು, ಕೊನೆಗೆ ಈ ಕಡೆ ಬಂದು ಏಪ್ರಿಕಾಟ್ ನೆಟ್ಟವನು.

ನನಗೆ ತಡೆಯಲಾಗಲಿಲ್ಲ. ಈ ಯುದ್ಧವನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಗುಲಾಮರನ್ನು ಬಿಡುವುದಿಲ್ಲ ಎಂದು ಬೇರೆ ದೇಶವನ್ನೇ ಘೋಷಿಸಿಕೊಂಡವರು ದಕ್ಷಿಣದವರು. "ಗುಲಾಮರನ್ನು ಇಟ್ಟುಕೊಳ್ಳುವುದಕ್ಕೆ ಹೊಡೆದಾಡಿದವನಿಗೆ ಬೆಂಚು ಯಾಕೆ?" ಎಂದು ಕೇಳಿಯೇ ಬಿಟ್ಟೆ.

"ಅಕ್ಕ, ಸ್ವಲ್ಪ ಸುಮ್ನಿರೇ. ಇಲ್ಲೆಲ್ಲಾ ಹಂಗೆ ಡೈರೆಕ್ಟಾಗಿ ಕೇಳಲ್ಲ" ಎಂದು ಪ್ರಭಾ ಕನ್ನಡದಲ್ಲಿ ಪಿಸುಗುಟ್ಟಿದಳು. ಅವಳ ಮುಖ ಕೆಂಪಾಗಿತ್ತು.

ಡೊರೊತಿಯಮ್ಮ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಭಾಷೆ ತಿಳಿಯದಿದ್ದರೂ ಪ್ರಭಾಳ ಮುಖ ನೋಡಿಯೇ ಅವಳಿಗೆ ವಿಷಯ ಗೊತ್ತಾಗಿತ್ತು. "ಕೇಳಲಿ ಬಿಡು. ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ" ಎಂದಳು. "ಅವನು ಅಂಥ ಯುದ್ಧ ಮಾಡಿದ್ದೂ ನಿಜ. ಹಣ್ಣು ಸುಲಿದು ನನ್ನ ಬಾಯಿಗಿಟ್ಟಿದ್ದೂ ನಿಜ. ನನಗೆ ಎರಡೂ ಬೇಕು."

ಆಮೇಲೆ ಆ ಕಥೆ ಹೇಳಿದಳು. ಥಾಮಸ್ ಯುದ್ಧಕ್ಕೆ ಹೋಗುವಾಗ ಮನೆಯ ಗುಲಾಮನೊಬ್ಬನನ್ನು ಅವನ ಸೇವೆಗೆಂದು ಜೊತೆಯಲ್ಲಿ ಕಳಿಸಿದ್ದರು. ಐಸಾಕ್ ಎಂದು ಹೆಸರು. ಹೆಚ್ಚುಕಡಿಮೆ ಇವನದೇ ವಯಸ್ಸು. ಥಾಮಸ್ ಗುಂಡು ತಗಲಿ ಬಿದ್ದಾಗ ಐಸಾಕ್ ಅವನನ್ನು ಬೆನ್ನ ಮೇಲೆ ಹೊತ್ತು ಹೊಲ ದಾಟಿಸಿ, ಗಾಡಿಗಳು ಓಡಾಡುವ ರಸ್ತೆಯ ಬದಿಗೆ ತಂದು ಮಲಗಿಸಿದ. ನೀರು ಕುಡಿಸಿದ. ಮನೆಯವರು ಪ್ರತಿ ವರ್ಷ ಥಾಮಸನ ಸಮಾಧಿಯ ಮುಂದೆ ಸೇರಿ ಹೇಳುವುದು ಇಲ್ಲಿಯವರೆಗೆ. ನಿಷ್ಠಾವಂತ ಸೇವಕ, ಪ್ರೀತಿಯ ಧಣಿ. ರಾನ್ ಹಾಕಿಸುವ ಬೆಂಚಿನ ಹಿತ್ತಾಳೆ ಫಲಕದ ಮೇಲೂ ಅದೇ ಬರುತ್ತದೆ.

"ಇನ್ನರ್ಧ ಇದೆ. ಐಸಾಕ್ ನೀರು ಕುಡಿಸಿ ಎದ್ದವನು ಉತ್ತರದವರ ಸೈನ್ಯ ಇದ್ದ ಕಡೆಗೆ ನಡೆದುಬಿಟ್ಟ. ಬಿಡುಗಡೆಗೆ. ಅಜ್ಜ ತಾನೇ ನನಗೆ ಹೇಳಿದ್ದು, ವರಾಂಡದಲ್ಲಿ ಕೂತು. ನನಗಾಗ ಒಂಬತ್ತು ವರ್ಷ. ಕೇಳಿದವರಲ್ಲಿ ಬದುಕಿರುವವಳು ನಾನೊಬ್ಬಳೇ. ರಾನ್ ನನಗೆ ವಯಸ್ಸಾಯಿತು, ನೆನಪು ಕಲಸಿಹೋಗಿದೆ ಅನ್ನುತ್ತಾನೆ. ಬರುವ ತಿಂಗಳು ಸಮಾಧಿಯ ಹತ್ತಿರ ಎಲ್ಲರೂ ಸೇರುತ್ತಾರೆ. ಮಾರನೆಯ ದಿನ ಫಲಕ ಕೊರೆಯಲು ಕೊಡುತ್ತಾರೆ. ಅಷ್ಟರೊಳಗೆ ಎಲ್ಲರ ಎದುರಿಗೆ ನಾನು ಅದನ್ನು ಹೇಳಲೇಬೇಕು. ನಾನು ಹೇಳದೆ ಸತ್ತರೆ ಅರ್ಧ ಕಥೆಯೇ ಪೂರ್ತಿ ಕಥೆಯಾಗಿಬಿಡುತ್ತದೆ."

"ಹೇಳಿ. ಅದಕ್ಕೇನಂತೆ" ಎಂದೆ.

"ಬಹಳ ಜನ ಸೇರಿದರೆ ಮಾತು ಅಡಗಿಬಿಡುತ್ತದೆ" ಎಂದಳು. ಅಷ್ಟು ಗಟ್ಟಿಗಿತ್ತಿಯ ಕಣ್ಣಲ್ಲಿ ಹೆದರಿಕೆ ಕಂಡಿತು. ಅವತ್ತಿನಿಂದ ದಿನಾ ಬೆಳಿಗ್ಗೆ ನಾನು ಅವಳ ಮನೆಗೆ ಹೋಗಿ ಕೂರುವುದು, ಅವಳು ಕಥೆಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸುವುದು ಎಂದಾಯಿತು. ನಮ್ಮ ಶಾಲೆಯಲ್ಲಿ ಆಗಸ್ಟ್ ಹದಿನೈದರ ಭಾಷಣಕ್ಕೆ ಮಕ್ಕಳನ್ನು ತಯಾರು ಮಾಡುವುದು ಹೀಗೆಯೇ.

ಅಮಾವಾಸ್ಯೆಯ ಸಂಜೆ

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಹೋದವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಬಾಳೆಲೆಯ ಮೇಲೆ ಬಡಿಸಿ, ಧೂಪ ಹಾಕಿ, ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುವುದು. ಅವರು ಬಂದು ಉಂಡು ಹೋಗಲಿ ಎಂದು. ಊರಿನಲ್ಲಾದರೆ ಗಂಡುಮಕ್ಕಳೇ ಇಡಬೇಕು. ಇಲ್ಲಿ ಮಂಜುನಾಥ ತನ್ನ ಅಪ್ಪ ಅಮ್ಮನಿಗೆ ಇಡುತ್ತಿದ್ದ. ಪಕ್ಕದಲ್ಲಿ ನಮ್ಮ ಅಪ್ಪನಿಗೂ ಒಂದೆಲೆ ಇಡುತ್ತೇನೆ ಎಂದು ನಾನು ನಿಂತೆ. ಕೇಳುವವರಾರು.

ಬಾಳೆಲೆ ಸಿಕ್ಕಿತು, ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ ಪ್ಯಾಕೆಟ್ಟಿನಲ್ಲಿ. ಬಾಡಿನ ಸಾರು, ಮುದ್ದೆ, ವಡೆ, ಕಜ್ಜಾಯ ಎಲ್ಲ ಆಯಿತು. ಅಪ್ಪನ ಬೀಡಿಗೆ ಬದಲು ಸಿಗರೇಟು, ಹೆಂಡಕ್ಕೆ ಬದಲು ಬಿಯರು. ಡೊರೊತಿಯಮ್ಮನನ್ನೂ ಊಟಕ್ಕೆ ಕರೆದಿದ್ದೆ. ಅವಳು ಇದನ್ನೆಲ್ಲ ಬಹಳ ಗಮನವಿಟ್ಟು ನೋಡಿದಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಬಾರ್ಬೆಕ್ಯೂ ಒಲೆಯಿಂದ ಕೆಂಡ ತಂದು ಸಾಂಬ್ರಾಣಿಯನ್ನು ಕೈ ತುಂಬ ಹಾಕಿದೆ. ಅಪ್ಪನಿಗೆ ಇಡುತ್ತಿರುವುದು ಮೊದಲ ಸಲ, ಜಿಪುಣತನ ಯಾಕೆ. ಬಾಗಿಲು ಮುಚ್ಚಿಕೊಂಡು ನಾವು ನಾಲ್ವರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಎರಡೇ ನಿಮಿಷ. ಒಳಗೆ ಚಾವಣಿಯಲ್ಲಿದ್ದ, ಹೊಗೆ ಕಂಡರೆ ಕೂಗುವ ಗಂಟೆ ಕಿರುಚಿಕೊಂಡಿತು, ಅದರ ಹಿಂದೆಯೇ ಇಡೀ ಕಟ್ಟಡದ ಗಂಟೆ. ಮನೆ ಮನೆಯಿಂದ ಜನ ನಾಯಿ ಬೆಕ್ಕು ಎತ್ತಿಕೊಂಡು ಇಳಿದರು. ಮಂಜುನಾಥ ಒಳಗೆ ಓಡಲು ಹೋದ. "ಅವರು ಊಟ ಮಾಡ್ತಿದಾರೆ, ಬಾಗಿಲು ತೆಗೀಬೇಡಿ" ಎಂದು ನಾನು ತಡೆದೆ. ಅಷ್ಟರಲ್ಲಿ ಫೈರ್ ಎಂಜಿನ್ನೇ ಬಂತು.

ಆಳೆತ್ತರದ ಫೈರ್‌ಮನ್ ಒಬ್ಬ ನನ್ನ ಮುಂದೆ ನಿಂತು, "ಒಳಗೆ ಯಾರಾದರೂ ಇದ್ದಾರಾ?" ಎಂದ.

"ನಮ್ಮ ತಂದೆ ಇದ್ದಾರೆ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

ಅವನು ಕೊಡಲಿ ಹಿಡಿದು ಮೆಟ್ಟಿಲು ಹತ್ತಿಯೇಬಿಟ್ಟ. ಪ್ರಭಾ ಅವನ ಹಿಂದೆ ಓಡುತ್ತಾ, "ಬೇಡ ಬೇಡ, ಅವರು ಸತ್ತುಹೋಗಿದ್ದಾರೆ" ಎಂದಳು. ಅವನು ಇನ್ನೂ ಜೋರಾಗಿ ಓಡಿದ. ಬಾಗಿಲು ತೆಗೆದು ನೋಡಿದರೆ ಮೂರು ಎಲೆ, ಮುದ್ದೆ, ಬಿಯರು, ಸಿಗರೇಟು. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ. ಪ್ರಭಾ ಎಲ್ಲ ವಿವರಿಸಿದ ಮೇಲೆ ಟೋಪಿ ತೆಗೆದು ಎಲೆಗಳಿಗೆ ತಲೆ ಬಾಗಿಸಿ ಹೋದ. ಹೋಗುವಾಗ, ಮುಂದಿನ ಸಲ ಕಿಟಕಿ ತೆರೆದಿಡಿ, ನಿಮ್ಮ ತಂದೆ ಕಿಟಕಿಯಿಂದಲೂ ಬರಬಹುದು ಎಂದ.

ಡೊರೊತಿಯಮ್ಮ ಪಾರ್ಕಿಂಗ್ ಜಾಗದಲ್ಲಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಕ್ಕು ಮುಗಿದ ಮೇಲೆ ನನ್ನ ಮೊಣಕೈ ಹಿಡಿದು, "ಐಸಾಕನಿಗೆ ಒಂದು ಎಲೆ ಇಡಬಹುದಾ?" ಎಂದಳು.

ಪ್ರಭಾ ಅನುಮಾನಿಸಿದಳು. "ಅಕ್ಕ, ನಮ್ಮೋರಲ್ಲದೋರಿಗೆ ಇಡಬಹುದೇನೇ?"

"ಉಣ್ಣೋಕೆ ಕರೆಯೋದಕ್ಕೆ ಯಾರ ಪರ್ಮಿಷನ್ನು ಬೇಕು? ಪ್ಯಾಕೆಟ್ಟಲ್ಲಿ ಇನ್ನೂ ಎಲೆ ಇದೆ" ಎಂದೆ.

ನಾಲ್ಕನೆಯ ಎಲೆ ಹಾಕಿದೆವು. ಅವನಿಗೆ ಏನು ಇಷ್ಟ ಎಂದು ಕೇಳಿದರೆ ಡೊರೊತಿಯಮ್ಮನಿಗೆ ಗೊತ್ತಿಲ್ಲ. ನೂರಾರು ಸಲ ಅವನ ಕಥೆ ಹೇಳಿದ ಮನೆಯವರಿಗೆ ಅದು ಗೊತ್ತಿಲ್ಲವಲ್ಲ ಎಂದು ಅವಳಿಗೇ ಬೇಜಾರಾಯಿತು. ಇದ್ದದ್ದನ್ನೆಲ್ಲ ಬಡಿಸಿ, ಒಂದು ದೊಡ್ಡ ಲೋಟದಲ್ಲಿ ನೀರಿಟ್ಟಳು. ಈಗ ಹೆಸರು ಹಿಡಿದು ಕರೆಯಿರಿ ಎಂದೆ. ಬಾಯಿ ತೆರೆದವಳು ತಡೆದಳು.

"ಅವತ್ತು ಅಜ್ಜ ಬಿದ್ದಲ್ಲಿಂದಲೇ ಕರೆದಾಗ ಅವನು ಬರಲಿಲ್ಲ. ನಾನು ಕರೆಯುವುದು ಸರಿಯಾ?"

"ಅವರು ಕರೆದದ್ದು ಕೆಲಸಕ್ಕೆ. ನೀವು ಕರೆಯುತ್ತಿರುವುದು ಊಟಕ್ಕೆ."

ಅವಳು ನೀರಿನ ಲೋಟವನ್ನು ಎಲೆಗೆ ಇನ್ನಷ್ಟು ಹತ್ತಿರ ಸರಿಸಿದಳು. ಆಮೇಲೆ, ಕೋಣೆಯಾಚೆಗೂ ಕೇಳುವ ಹಾಗೆ ಅವನ ಹೆಸರು ಕರೆದಳು. ಈ ಸಲ ಕಿಟಕಿ ತೆರೆದಿತ್ತು.

ಸ್ಮಶಾನದಲ್ಲಿ ಭಾನುವಾರ

ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಅಲ್ಲಿ ಸ್ಮಶಾನವೆಂದರೆ ಕತ್ತರಿಸಿದ ಹುಲ್ಲು, ಹೂಗಿಡ, ಕೂರಲು ಮಡಿಸುವ ಕುರ್ಚಿ. ಪ್ರಭಾ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದಾಗ ಡೊರೊತಿಯಮ್ಮನ ಮನೆಯವರು ಒಂದಿಪ್ಪತ್ತು ಜನ ಸೇರಿದ್ದರು. ಸಮಾಧಿಯ ಪಕ್ಕದಲ್ಲೇ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು, ನನಗೂ ಒಂದು ಕೊಟ್ಟರು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ತಿಂದೆ.

ರಾನ್ ಐವತ್ತು ದಾಟಿದ, ನಯವಾದ ಮನುಷ್ಯ. ಕೆಟ್ಟವನೇನಲ್ಲ. ಅಜ್ಜಂದಿರನ್ನು ನೆನೆಯುವ ಮೊಮ್ಮಕ್ಕಳು ಎಲ್ಲಿದ್ದಾರೆ ಈ ಕಾಲದಲ್ಲಿ. ಆದರೆ ಹಿತ್ತಾಳೆಯ ಫಲಕದಲ್ಲಿ ಬರುವ ಸಾಲುಗಳನ್ನು ಅವನು ಗಟ್ಟಿಯಾಗಿ ಓದಿದಾಗ ನನಗೆ ಮೈ ಉರಿಯಿತು. ಧೈರ್ಯ, ತ್ಯಾಗ, ನಿಷ್ಠಾವಂತ ಸೇವಕ. ಎಲ್ಲರೂ ಚಪ್ಪಾಳೆ ತಟ್ಟಿದರು.

ಡೊರೊತಿಯಮ್ಮ ಕುರ್ಚಿಯಿಂದ ಎದ್ದಳು. "ಅದು ಅರ್ಧ. ಪೂರ್ತಿ ನಾನು ಹೇಳುತ್ತೇನೆ" ಎಂದಳು.

ಚೆನ್ನಾಗಿಯೇ ಶುರುವಾಯಿತು. ಹದಿನೇಳು ವರ್ಷದ ಅಜ್ಜ, ಬರಿಗಾಲು, ಗುಂಡು, ಬೆನ್ನ ಮೇಲೆ ಹೊತ್ತದ್ದು, ನೀರು. ಅಲ್ಲಿಗೆ ಬಂದು ನಿಂತಿತು. ಬಾಯಿ ಅಲುಗುತ್ತಿದೆ, ಮಾತಿಲ್ಲ. ದಿನಾ ಬೆಳಿಗ್ಗೆ ಒಮ್ಮೆಯೂ ತಡವರಿಸದ ಜಾಗ ಅದು. ಯಾರೋ ಕೆಮ್ಮಿದರು. ಒಬ್ಬಾಕೆ ನೀರಿನ ಬಾಟ್ಲಿ ತರಲು ಎದ್ದಳು. ರಾನ್ ಡೊರೊತಿಯಮ್ಮನ ಭುಜದ ಮೇಲೆ ಕೈಯಿಟ್ಟು, "ಅತ್ತೆಗೆ ದಣಿವಾಗಿದೆ. ಇವತ್ತಿಗೆ ಇಷ್ಟು ಸಾಕು" ಎಂದು ಎಲ್ಲರಿಗೂ ಹೇಳಿದ.

ಅದು ಅವರ ಮನೆಯ ವಿಷಯ. ನಾನು ಯಾರೋ ಸೀರೆಯುಟ್ಟ ಪರದೇಶಿ. ಆದರೂ ಎದ್ದು ನಿಂತೆ. ಪ್ರಭಾ ನನ್ನ ಸೆರಗು ಹಿಡಿದೆಳೆದಳು. ನಿಲ್ಲಲಿಲ್ಲ.

"ಆಕೆ ಇನ್ನೂ ಮುಗಿಸಿಲ್ಲ. ದಯವಿಟ್ಟು ಎಲ್ಲರೂ ಕೂತುಕೊಳ್ಳಿ" ಎಂದೆ. ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿಗೆ ಹೇಳುವ ದನಿ ಅದು. ಬಾಟ್ಲಿ ತರಲು ಎದ್ದವಳು ಕೂತಳು. ರಾನ್ ಕೈ ತೆಗೆದ.

ಕಾದೆವು. ಅಮೆರಿಕದವರಿಗೆ ಮೌನ ಅಂದರೆ ಕಷ್ಟ, ಲಿಫ್ಟಿನಲ್ಲೂ ಹವಾಮಾನದ ಬಗ್ಗೆ ಮಾತಾಡುವ ಜನ. ಪಾಪ, ಚಡಪಡಿಸಿದರು. ಡೊರೊತಿಯಮ್ಮ ನನ್ನನ್ನು ನೋಡಿದಳು. ನಾನು ತಲೆಯಾಡಿಸಲೂ ಇಲ್ಲ, ಸುಮ್ಮನೆ ನಿಂತೆ.

"ನಡೆದ" ಎಂದಳು. ಆ ಒಂದು ಮಾತು ಸಿಕ್ಕಿದ್ದೇ ತಡ, ಉಳಿದದ್ದೆಲ್ಲ ಬಂತು.

"ಐಸಾಕ್ ಎದ್ದು ನಡೆದ. ಉತ್ತರದವರ ಕಡೆಗೆ, ಬಿಡುಗಡೆಗೆ. ಅಜ್ಜ ನೆಲದ ಮೇಲೆ ಮಲಗಿಕೊಂಡೇ ಅವನ ಹೆಸರು ಕೂಗಿದ. ಅವನು ತಿರುಗಿ ನೋಡಲಿಲ್ಲ. ನಾನು ಚಿಕ್ಕವಳು, ಅಯ್ಯೋ ನಿನ್ನನ್ನು ಒಬ್ಬನನ್ನೇ ಬಿಟ್ಟುಹೋದನಾ ಎಂದು ಅತ್ತುಬಿಟ್ಟೆ. ಆಗ ಅಜ್ಜ ಏನಂದ ಗೊತ್ತಾ? ಅವನು ತಿರುಗದೇ ಇದ್ದದ್ದು ಒಳ್ಳೆಯದಾಯಿತು ಮಗು ಅಂದ. ತಿರುಗಿದ್ದಿದ್ದರೆ ನಾನು ಬಾ ಅಂತ ಹುಕುಂ ಮಾಡುತ್ತಿದ್ದೆ. ನನ್ನನ್ನು ಉಳಿಸಿದವನಿಗೇ ಹುಕುಂ ಮಾಡುತ್ತಿದ್ದೆ. ಅಂಥವನಾಗಿದ್ದೆ ನಾನು ಅಂದ. ಅಜ್ಜ ಜೀವನದಲ್ಲಿ ಆಡಿದ ಮಾತುಗಳಲ್ಲಿ ಅತ್ಯಂತ ಧೈರ್ಯದ್ದು ಅದು. ಅದೊಂದನ್ನು ಬಿಟ್ಟೇ ನಾವು ಎಪ್ಪತ್ತು ವರ್ಷ ಕಥೆ ಹೇಳಿದ್ದೇವೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿರಿಯ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ರಾನ್ ಕೈಯಲ್ಲಿದ್ದ ಕಾಗದವನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದ.

"ಅತ್ತೆ, ಬೆಂಚಿನ ಮೇಲೆ ಅಷ್ಟು ಜಾಗ ಇಲ್ಲ" ಎಂದ ಕೊನೆಗೆ.

"ಹಾಗಾದರೆ ದೊಡ್ಡ ಬೆಂಚು ತರಿಸು" ಎಂದಳು.

ಅವನು ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದ. ಆಮೇಲೆ ಅವಳ ಕುರ್ಚಿಯ ಪಕ್ಕದಲ್ಲಿ ಹುಲ್ಲಿನ ಮೇಲೇ ಕೂತು, ಜೇಬಿನಿಂದ ಪೆನ್ನು ತೆಗೆದು, ಇನ್ನೊಂದು ಸಲ ನಿಧಾನವಾಗಿ ಹೇಳು ಎಂದ.

ವಾಪಸು ದಾರಿ

ಫ್ರೀವೇಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಡೊರೊತಿಯಮ್ಮ ಗೆದ್ದ ಖುಷಿಯಲ್ಲಿ ಮಿಂಟ್ ಚೀಪುತ್ತಾ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ಇದ್ದಕ್ಕಿದ್ದಂತೆ, "ನಿಮ್ಮ ಮನೆಯಲ್ಲಿ ಹೊರುವ ಕೆಲಸ ಮಾಡಿದವರು ಯಾರು?" ಎಂದಳು. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದು, ಚುಚ್ಚುವುದಕ್ಕಲ್ಲ.

ನಮ್ಮ ತಾತ ಊರಿಗೆ ಪಟೇಲರು. ಮನೆಯಲ್ಲಿ ಜೀತಕ್ಕೆ ಒಬ್ಬನಿದ್ದ. ಜೀತವೆಂದರೆ ಏನೆಂದು ಅವಳಿಗೆ ವಿವರಿಸಿದೆ, ತರಗತಿಯಲ್ಲಿ ವಿವರಿಸುವ ಹಾಗೆಯೇ. ಆಮೇಲೆ, ನಾವೇನೂ ಅವನನ್ನು ಮರೆತಿಲ್ಲ, ಎಡೆ ಇಡುವ ದಿನ ಅವನಿಗೂ ಕೊಟ್ಟಿಗೆಯಲ್ಲಿ ಒಂದೆಲೆ ಇಡುತ್ತೇವೆ ಎಂದೆ. ಸ್ವಲ್ಪ ಜಂಬದಿಂದಲೇ ಹೇಳಿದೆ.

"ಏನೆಂದು ಕರೆಯುತ್ತೀರಿ?" ಎಂದಳು.

ಪ್ರಭಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಎಲೆ ಇಟ್ಟು ಬರುತ್ತಿದ್ದೆವು, ಅಷ್ಟೇ. ಯಾರೂ ಅವನನ್ನು ಕರೆದದ್ದಿಲ್ಲ.

ಮನೆಗೆ ಬಂದವಳು ಸ್ನಾನವನ್ನೂ ಮಾಡದೆ ಕಾಲಿಂಗ್ ಕಾರ್ಡು ಹುಡುಕಿ ಊರಿಗೆ ಫೋನು ಮಾಡಿದೆ. ಅಲ್ಲಿ ಬೆಳಗಾಗಿತ್ತು. ತಮ್ಮ ಶಿವಣ್ಣ ಡೇರಿಗೆ ಹಾಲು ಹಾಕಿ ಆಗತಾನೆ ಬಂದಿದ್ದ.

"ಕೊಟ್ಟಿಗೇಲಿ ಎಲೆ ಇಡ್ತೀವಲ್ಲ, ಅವನ ಹೆಸರೇನೋ?"

"ಇದೇನಕ್ಕ, ಇದನ್ನ ಕೇಳಕ್ಕೆ ಅಮೆರಿಕದಿಂದ ಫೋನ್ ಮಾಡ್ದಾ? ಅವ್ನ ಹೆಸ್ರು ಯಾರ್ಗ್ ಗೊತ್ತು ಬುಡಕ್ಕ. ಆಳು ಅಂತ್ಲೇ ಅಂತಿದ್ರು."

"ಅವನ ಕಡೆಯೋರು ಯಾರೂ ಇಲ್ವಾ?"

"ಮಗ ಅವ್ನೆ ಕೇರೀಲಿ. ಮುದ್ಕ ಆಗವ್ನೆ."

"ಹೋಗಿ ಕೇಳು."

"ಆಯ್ತು, ನಮ್ಮ ಆಳ್ನ ಕಳಿಸ್ತೀನಿ."

"ಆಳನ್ನ ಕಳಿಸಬೇಡ ಶಿವಣ್ಣ. ನೀನೇ ಹೋಗು. ಅವರ ಬಾಗಿಲಿಗೆ ಹೋಗಿ, ನಿಮ್ಮಪ್ಪನ ಹೆಸರೇನು ಅಂತ ಕೇಳು. ಕೂತ್ಕೊಳ್ಳಿ ಅಂದ್ರೆ ಕೂತ್ಕೋ. ನೀರು ಕೊಟ್ರೆ ಕುಡಿ."

ನಮ್ಮ ಮನೆಯ ಗಂಡಸರು ಯಾರೂ ಇಲ್ಲಿಯವರೆಗೆ ಆ ಬಾಗಿಲಿಗೆ ಹೋದವರಲ್ಲ, ನನಗೆ ಗೊತ್ತು. ಹಸು ಕೂಗುವುದು ಕೇಳಿಸಿತು, ಯಾರದೋ ರೇಡಿಯೋ ಕೇಳಿಸಿತು. ನಾನು ಫೋನು ಇಡಲಿಲ್ಲ.

"ಇವತ್ತೇನಾ?" ಎಂದ ಶಿವಣ್ಣ.

"ಇವತ್ತೇ. ಈಗ್ಲೇ ಹೊರಡು. ನೀನು ಬರೋವರೆಗೂ ನಾನು ಎದ್ದಿರ್ತೀನಿ" ಎಂದೆ.